ಕಣಜವಾದ ದೇವಾಲಯ

ದೇವರ ಆರಾಧನೆಗೆಂದು ಕಟ್ಟಿದ ಮನೆಯೊಂದು ಕಾಲಾಂತರದಲ್ಲಿ ಒಬ್ಬ ಬೇಸಾಯಗಾರನ ಕಣಜವಾಗಿ ಹೋದರೆ ಅದರಲ್ಲಿ ಯಾರ ಮೇಲಾದರೂ ದೋಷವುಂಟೋ? ಉಂಟಾದರೆ ಅದು ಯಾರ ಮೇಲೆ? ಅಲ್ಲಿ ಧಾನ್ಯ ತುಂಬಿದವನ ಮೇಲೆಯೋ, ಅವನಿಗಿಂತ ಮೊದಲು ಅದನ್ನು ಬಿಟ್ಟುಹೋದವರ ಮೇಲೆಯೋ? ಮತ್ತು ಆ ಬೇಸಾಯಗಾರನು ತನ್ನ ಧಾನ್ಯ ನೆನೆಯಬಾರದೆಂದು ಮಾಡನ್ನು ಸರಿಪಡಿಸುತ್ತಾ ಬಂದುದರಿಂದಲೇ ಆ ಗೋಡೆಗಳು ಬೀಳದೆ ನಿಂತವೆಂದಾದರೆ, ದೇವರ ಮನೆಯನ್ನು ಕಾಪಾಡಿದವನೆಂಬ ಹೆಸರು ಅವನಿಗೆ ಸಲ್ಲತಕ್ಕದ್ದೋ? ಮೇಲ್ನೋಟಕ್ಕೆ ಇವು ದೂರದೇಶದ ಹಳೆಯ ಕಟ್ಟಡಗಳನ್ನು ಕುರಿತ ಪ್ರಶ್ನೆಗಳಾಗಿ ತೋರಿದರೂ, ಒಳಹೊಕ್ಕು ನೋಡಿದರೆ ಪವಿತ್ರತೆ ಎಂದರೇನು, ಉಪಕಾರಸ್ಮರಣೆ ಯಾರಿಗೆ ಸಲ್ಲಬೇಕು ಎಂಬ ಎರಡು ದೊಡ್ಡ ವಿಷಯಗಳು ಇವುಗಳಲ್ಲಿ ಅಡಗಿವೆ. ಬರಿಯ ಊಹೆಯ ಮೇಲೆ ವಾದಿಸುವುದು ನಮಗೆ ಹಿಡಿಸದು. ಆದಕಾರಣ ನಿಜವಾಗಿ ನಡೆದ ಒಂದು ಸಂಗತಿಯನ್ನೇ ವಾಚಕರ ಮುಂದಿಡುತ್ತೇವೆ.

ಇಂಗ್ಲೆಂಡ್ ದೇಶದ ಪೂರ್ವತೀರದ ಎಸೆಕ್ಸ್ ಸೀಮೆಯಲ್ಲಿ, ಬ್ಲ್ಯಾಕ್‌ವಾಟರ್ ಎಂಬ ಹೊಳೆಯು ಸಮುದ್ರವನ್ನು ಸೇರುವ ಕಡೆ, ಬ್ರ್ಯಾಡ್‌ವೆಲ್ ಎಂಬ ಊರುಂಟು. ಊರನ್ನು ಬಿಟ್ಟು ಹೊಲಗಳ ನಡುವೆ ಪೂರ್ವಕ್ಕೆ ನಡೆದುಹೋದರೆ ಗಟ್ಟಿನೆಲ ಮುಗಿದು ಉಪ್ಪುನೀರಿನ ಜೌಗು ತೊಡಗುವ ಅಂಚಿನಲ್ಲಿ ಒಂಟಿಯಾಗಿ ನಿಂತಿರುವ ಒಂದು ಕಲ್ಲಿನ ಕಟ್ಟಡ ಕಣ್ಣಿಗೆ ಬೀಳುತ್ತದೆ. ಅದರ ಉದ್ದ ಸುಮಾರು 50 ಅಡಿ, ಅಗಲ ಸುಮಾರು 22 ಅಡಿ. ಗೋಪುರವಿಲ್ಲ, ಶೃಂಗಾರವಿಲ್ಲ, ಎತ್ತರವಾದ ಗೋಡೆಗಳು, ಇಳಿಜಾರಾದ ಮಾಡು, ಇಷ್ಟೇ. ದೂರದಿಂದ ನೋಡುವ ದಾರಿಹೋಕನು ಇದು ಯಾರೋ ಸ್ಥಿತಿವಂತನ ಕಣಜವೆಂದು ಎಣಿಸಿದರೆ ಅವನನ್ನು ನಗಲಾಗದು. ಯಾಕಂದರೆ ಸುಮಾರು ಮೂರು ಶತಮಾನಗಳ ಕಾಲ, ಅಂದರೆ 1920ನೆಯ ವರುಷದ ವರೆಗೆ, ಅದು ಕಣಜವೇ ಆಗಿತ್ತು. ಆದರೂ ಆ ದೇಶದಲ್ಲಿ ಇಂದಿಗೂ ನಿಂತಿರುವ ಅತ್ಯಂತ ಹಳೆಯ ಕ್ರೈಸ್ತ ದೇವಾಲಯಗಳಲ್ಲಿ ಅದು ಒಂದು. ಅದರ ಹೆಸರು ಗೋಡೆಯ ಮೇಲಿನ ಸಂತ ಪೇತ್ರನ ದೇವಾಲಯ.

ಈ ವಿಚಿತ್ರವಾದ ಹೆಸರಿಗೆ ಕಾರಣವುಂಟು. ಕ್ರಿಸ್ತಶಕ ಮೂರನೆಯ ಶತಮಾನದ ಕಡೆಯಲ್ಲಿ ರೋಮಾಯರು ಆ ಜಾಗದಲ್ಲಿ ಒಥೋನಾ ಎಂಬ ಕೋಟೆಯನ್ನು ಕಟ್ಟಿದ್ದರು. ಆ ತೀರದ ಕೋಟೆಗಳ ಸಾಲಿಗೇ ಸಾಕ್ಸನ್ ತೀರದ ಕೋಟೆಗಳೆಂದು ಹೆಸರು. ಸಮುದ್ರದ ಆಚೆಯಿಂದ ದೋಣಿಗಳಲ್ಲಿ ಬಂದು ಸುಲಿಗೆ ಮಾಡುತ್ತಿದ್ದ ಸಾಕ್ಸನರನ್ನು ತಡೆಯುವುದೇ ಅವುಗಳ ಉದ್ದೇಶವೆಂದು ಸಾಮಾನ್ಯವಾಗಿ ಹೇಳುತ್ತಾರೆ. ರೋಮಾಯರು ಹೋದರು, ಸಾಕ್ಸನರು ಬಂದು ನೆಲಸಿ ಅರಸರಾದರು, ಕೋಟೆ ಹಾಳುಬಿತ್ತು. ಏಳನೆಯ ಶತಮಾನದ ನಡುವೆ ಪೂರ್ವ ಸಾಕ್ಸನರ ಅರಸನಾದ ಸಿಗೆಬರ್ಟನು ಕ್ರಿಸ್ತನನ್ನು ಅಂಗೀಕರಿಸಿ, ತನ್ನ ಜನರಿಗೆ ಬೋಧಕರು ಬೇಕೆಂದು ಉತ್ತರದ ನಾರ್ತಂಬ್ರಿಯ ರಾಜ್ಯದ ಅರಸನಾದ ಓಸ್ವಿಯನ್ನು ಕೇಳಿಕೊಂಡನು. ಓಸ್ವಿಯು ಚೆಡ್ ಎಂಬ ಬೋಧಕನನ್ನು ಕಳುಹಿಸಿದನು. ಈತನು ಲಿಂಡಿಸ್‌ಫಾರ್ನ್ ದ್ವೀಪದ ಮಠದಲ್ಲಿ ಏಡನನ ಬಳಿ ಕಲಿತವನು. ಈತನೂ ಈತನ ಮೂವರು ಸಹೋದರರೂ ಕೂಡಿ ನಾಲ್ವರೂ ಯಾಜಕರಾದವರು. ಸುಮಾರು 654ರಲ್ಲಿ ಚೆಡ್ಡನು ಹಾಳುಕೋಟೆಯ ಪಡುವಣ ಬಾಗಿಲಿದ್ದ ಸ್ಥಳದಲ್ಲಿ, ಕೋಟೆಯ ಕಲ್ಲುಗಳನ್ನೂ ಇಟ್ಟಿಗೆಗಳನ್ನೂ ತೆಗೆದುಕೊಂಡು, ಈ ದೇವಾಲಯವನ್ನು ಕಟ್ಟಿಸಿದನು. ಹೀಗೆ ಸಾಕ್ಸನರನ್ನು ಹೊರಗಿಡಲು ಕಡಿದ ಕಲ್ಲುಗಳೇ ಸಾಕ್ಸನರನ್ನು ಒಳಗೆ ಕರೆಯುವ ಮನೆಯಾದವು. ಕಟ್ಟಡಗಳು ಒಂದು ಉಪಯೋಗದಿಂದ ಇನ್ನೊಂದು ಉಪಯೋಗಕ್ಕೆ ದಾಟುವುದು ಬೇಸಾಯಗಾರನಿಂದ ಮೊದಲಾಗಲಿಲ್ಲವೆಂಬುದನ್ನು ವಾಚಕರು ಇಲ್ಲಿಯೇ ಗಮನಿಸಬೇಕು. ಸೈನಿಕರ ಕಲ್ಲನ್ನು ದೇವಾಲಯಕ್ಕೆ ತೆಗೆದುಕೊಂಡಾಗ ನಾವು ಸಂತೋಷಪಡುತ್ತೇವೆ. ದೇವಾಲಯದ ಕಲ್ಲನ್ನು ಕಣಜಕ್ಕೆ ತೆಗೆದುಕೊಂಡಾಗ ದುಃಖಪಡುತ್ತೇವೆ. ಈ ಭೇದಕ್ಕೆ ನ್ಯಾಯವಾದ ಆಧಾರವಿದ್ದರೂ ಇರಬಹುದು. ಆದರೆ ಅದನ್ನು ತೋರಿಸಿಕೊಡಬೇಕು, ಸುಮ್ಮನೆ ಊಹಿಸಿಕೊಳ್ಳಬಾರದು.

ಚೆಡ್ಡನ ವೃತ್ತಾಂತವನ್ನು ನಮಗೆ ತಿಳಿಸಿದವನು 731ರಲ್ಲಿ ತನ್ನ ಸಭಾಚರಿತ್ರೆಯನ್ನು ಬರೆದು ಮುಗಿಸಿದ ಬೀಡ್ ಎಂಬ ಸನ್ಯಾಸಿ. ಅರಸನಾದ ಸಿಗೆಬರ್ಟನನ್ನು ಅವನ ಸ್ವಂತ ಬಂಧುಗಳೇ ಕೊಂದರೆಂದೂ, ಯಾಕೆಂದು ಕೇಳಿದಾಗ ಅವನು ಶತ್ರುಗಳನ್ನು ಬಹಳ ಸುಲಭವಾಗಿ ಕ್ಷಮಿಸುತ್ತಿದ್ದನೆಂಬುದನ್ನೇ ಕಾರಣವಾಗಿ ಹೇಳಿದರೆಂದೂ ಬೀಡನು ಬರೆಯುತ್ತಾನೆ. ಇಂಥ ಅಪರಾಧಕ್ಕಾಗಿ ಸತ್ತ ಅರಸರು ಚರಿತ್ರೆಯಲ್ಲಿ ಹೆಚ್ಚು ಮಂದಿ ಇಲ್ಲ. ಇನ್ನು ಚೆಡ್ಡನಾದರೋ 664ರಲ್ಲಿ ಉತ್ತರದ ಲಾಸ್ಟಿಂಗ್‌ಹ್ಯಾಮ್ ಎಂಬಲ್ಲಿ, ತಾನೇ ಸ್ಥಾಪಿಸಿದ ಇನ್ನೊಂದು ಮಠದಲ್ಲಿ, ಮಹಾಮಾರಿಯಿಂದ ತೀರಿಹೋದನು. ಆ ಸುದ್ದಿ ಕೇಳಿ, ಪೂರ್ವ ಸಾಕ್ಸನರ ಸೀಮೆಯಲ್ಲಿ ಆತನ ಮಠದಲ್ಲಿದ್ದ ಸುಮಾರು 30 ಮಂದಿ ಸಹೋದರರು ತಮ್ಮ ತಂದೆಯ ದೇಹದ ಬಳಿಯಲ್ಲೇ ಬದುಕಬೇಕು, ಇಲ್ಲವೆ ಅಲ್ಲೇ ಸಾಯಬೇಕೆಂದು ಹೊರಟುಹೋದರು. ಹೋದವರೆಲ್ಲರೂ ಅದೇ ವ್ಯಾಧಿಯಿಂದ ಸತ್ತರು. ಒಬ್ಬ ಚಿಕ್ಕ ಹುಡುಗ ಮಾತ್ರ ಉಳಿದನು. ಆ ಹುಡುಗನಿಗೆ ದೀಕ್ಷಾಸ್ನಾನವೇ ಆಗಿರಲಿಲ್ಲವೆಂಬುದು ಬಹುಕಾಲದ ಮೇಲೆ ತಿಳಿದುಬಂದು, ಅವನು ದೀಕ್ಷಾಸ್ನಾನ ಹೊಂದಿ, ಮುಂದೆ ಯಾಜಕನಾಗಿ ಅನೇಕರಿಗೆ ಪ್ರಯೋಜನವಾದನು. ಈ ಸಂಗತಿಯನ್ನು ನಾವು ಸುಮ್ಮನೆ ಹೇಳಲಿಲ್ಲ. ಆ ಸಹೋದರರು ಗೋಡೆಗಳನ್ನು ಹಿಂದೆ ಬಿಟ್ಟು ತಾವು ಪ್ರೀತಿಸಿದ ಮನುಷ್ಯನ ಬಳಿಗೆ ಹೋದರು. ದೇವಾಲಯವನ್ನು ಮೊದಲು ಬಿಟ್ಟುಹೋದವರು ಭಕ್ತಿಹೀನರಲ್ಲ, ಭಕ್ತಿಯಲ್ಲಿ ತುಂಬಿದವರೇ. ಅವರ ಭಕ್ತಿಗೆ ಆ ಕಲ್ಲುಗಳು ಅವಶ್ಯವೆಂದು ತೋರಲಿಲ್ಲ.

ಆಮೇಲಿನ ನೂರಾರು ವರುಷಗಳನ್ನು ನಾವು ಬೇಗನೆ ದಾಟಬಹುದು. ಅದು ಬ್ರ್ಯಾಡ್‌ವೆಲ್ ಊರಿನ ದೊಡ್ಡ ದೇವಾಲಯಕ್ಕೆ ಸೇರಿದ ಒಂದು ಚಿಕ್ಕ ಪ್ರಾರ್ಥನಾಲಯವಾಗಿ ಉಳಿಯಿತು. 1442ರಲ್ಲಿ ಅದರ ವಿಷಯವಾಗಿ ಒಂದು ವಿಚಾರಣೆ ನಡೆಯಿತು. ಗೋಪುರವೂ ಅದರಲ್ಲಿ ಎರಡು ಗಂಟೆಗಳೂ ಉಂಟೆಂದು ಊರ ಪಂಚರು ಹೇಳಿದರು; ಆದರೆ ಅದನ್ನು ಯಾರು ಸ್ಥಾಪಿಸಿದರೆಂದು ಕೇಳಿದಾಗ ಅವರಿಗೆ ಉತ್ತರ ಗೊತ್ತಿರಲಿಲ್ಲ. ಹದಿನೇಳನೆಯ ಶತಮಾನದ ಹೊತ್ತಿಗೆ ಅದು ಕಣಜವಾಯಿತು. ಬಂಡಿಗಳು ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಡುವಂತೆ ಉತ್ತರ ದಕ್ಷಿಣದ ಗೋಡೆಗಳನ್ನು ಒಡೆದು ದೊಡ್ಡ ಬಾಗಿಲುಗಳನ್ನು ಇಟ್ಟರು. ಪೂರ್ವದಲ್ಲಿ ಪರಿಶುದ್ಧ ಭೋಜನದ ಮೇಜಿದ್ದ ಅರ್ಧವರ್ತುಲಾಕಾರದ ಭಾಗವೂ, ಪಡುವಣ ಮುಖಮಂಟಪವೂ, ಮಗ್ಗುಲ ಕೋಣೆಗಳೂ, ಗೋಪುರವೂ ಹೋದವು. ಜನರು ಕೂಡಿ ನಿಲ್ಲುತ್ತಿದ್ದ ಅಂಗಣವೊಂದೇ ಉಳಿಯಿತು. ಯಾಕಂದರೆ ಒಕ್ಕಲುತನಕ್ಕೆ ಬೇಕಾದದ್ದು ಅದೊಂದೇ.

ಹೀಗಿರಲಾಗಿ ಮೊದಲನೆಯ ಪ್ರಶ್ನೆಗೆ ಬರೋಣ. ಧಾನ್ಯವು ಆ ಮನೆಯನ್ನು ಹೊಲೆಮಾಡಿತೋ?

ಹೊಲೆಮಾಡಿತೆನ್ನುವವರು ದೇವರ ವಾಕ್ಯವನ್ನು ಮತ್ತೊಮ್ಮೆ ತೆರೆದು ನೋಡಬೇಕೆಂದು ನಾವು ವಿನಯವಾಗಿ ಬೇಡುತ್ತೇವೆ. ಯೆರೂಸಲೇಮಿನ ದೇವಾಲಯವು ಎಂಥ ಸ್ಥಳದಲ್ಲಿ ಕಟ್ಟಲ್ಪಟ್ಟಿತು? ಯೆಬೂಸಿಯನಾದ ಒರ್ನಾನನ ಕಣದಲ್ಲಿ. ಅಲ್ಲಿ ಗೋಧಿ ತುಳಿಯುತ್ತಿದ್ದ ಎತ್ತುಗಳಿದ್ದವು, ಒಕ್ಕಣೆಯ ಹಲಗೆಗಳಿದ್ದವು. ದಾವೀದನು ಆ ಕಣವನ್ನು ಕ್ರಯಕ್ಕೆ ಕೊಂಡನು; ಸೊಲೊಮೋನನು ಅಲ್ಲಿಯೇ ಆಲಯವನ್ನು ಕಟ್ಟಿದನು. ಕಣವು ದೇವಾಲಯವಾದದ್ದು ಘನವಾದರೆ ದೇವಾಲಯವು ಕಣವಾದದ್ದು ಹೇಗೆ ಹೊಲೆಯಾದೀತು? ಧಾನ್ಯದಲ್ಲಿ ಹೊಲೆಯಿದ್ದರೆ ಆ ಹೊಲೆ ಎರಡು ಕಡೆಯಲ್ಲೂ ಇರಬೇಕಷ್ಟೆ. ಇದಲ್ಲದೆ ಆ ದೇವಾಲಯದ ಒಳಗೇ ಉಗ್ರಾಣಗಳಿದ್ದವು. ಜನರು ತಂದ ದಶಮಾಂಶದ ಧಾನ್ಯ, ದ್ರಾಕ್ಷಾರಸ, ಎಣ್ಣೆ ಅಲ್ಲಿ ತುಂಬಿರುತ್ತಿದ್ದವು. ನೆಹೆಮೀಯನು ಹೊರಗೆ ಹೋಗಿದ್ದ ಕಾಲದಲ್ಲಿ ಎಲ್ಯಾಷೀಬನೆಂಬ ಯಾಜಕನು ಅಂಥ ಒಂದು ದೊಡ್ಡ ಕೋಣೆಯನ್ನು ಬರಿದುಮಾಡಿ ತನ್ನ ಸಂಬಂಧಿಕನಾದ ತೋಬೀಯನಿಗೆ ಬಿಡಾರವಾಗಿ ಕೊಟ್ಟನು. ನೆಹೆಮೀಯನು ಹಿಂದಿರುಗಿ ಬಂದು ಏನು ಮಾಡಿದನು? ಧಾನ್ಯವನ್ನು ಹೊರಗೆ ಹಾಕಲಿಲ್ಲ. ತೋಬೀಯನ ಸಾಮಾನನ್ನು ಹೊರಗೆ ಬಿಸಾಡಿ, ಕೋಣೆಯನ್ನು ಶುದ್ಧಿಮಾಡಿಸಿ, ನೈವೇದ್ಯದ ಪದಾರ್ಥಗಳನ್ನು ತಿರಿಗಿ ಒಳಗೆ ತರಿಸಿದನು. ಆ ಕೋಣೆಗೆ ಹೊಲೆಯಾದದ್ದು ಧಾನ್ಯವಲ್ಲ, ದೇವರ ಕಾರ್ಯವನ್ನು ಹಾಸ್ಯಮಾಡಿದ ಮನುಷ್ಯನ ಸುಖವಾಸವೇ. ನಮ್ಮ ಕರ್ತನು ಹುಟ್ಟಿದಾಗ ಆತನನ್ನು ಮಲಗಿಸಿದ್ದು ಗೋದಲಿಯಲ್ಲಿ ಎಂಬುದನ್ನು ಇಲ್ಲಿ ವಿವರಿಸುವ ಅವಶ್ಯವಿಲ್ಲ. ಅದನ್ನು ನಮ್ಮ ಆದಿತ್ಯವಾರದ ಶಾಲೆಯ ಮಕ್ಕಳೂ ಬಲ್ಲರು.

ಆದರೆ ಇದಕ್ಕೆ ಬಲವಾದ ಒಂದು ಎದುರುಮಾತುಂಟು. ಬೇಲ್ಶಚ್ಚರ ಅರಸನು ಯೆರೂಸಲೇಮಿನ ಆಲಯದಿಂದ ತಂದಿದ್ದ ಪಾತ್ರೆಗಳಲ್ಲಿ ದ್ರಾಕ್ಷಾರಸವನ್ನು ಕುಡಿದ ರಾತ್ರಿಯೇ ಅವನಿಗೆ ನ್ಯಾಯತೀರ್ಪಾಯಿತಲ್ಲವೇ? ಪಾತ್ರೆಗಳು ಪಾನಕ್ಕಾಗಿಯೇ ಇರುವವು. ಹಾಗಾದರೆ ಅವನ ತಪ್ಪೇನು? ದಾನಿಯೇಲನು ಅದನ್ನು ಮರೆಮಾಚದೆ ಹೇಳಿದನು. ಅವನು ತನ್ನ ತಂದೆಯ ಕಾಲದ ಸಂಗತಿಗಳನ್ನೆಲ್ಲಾ ತಿಳಿದಿದ್ದರೂ ತನ್ನನ್ನು ತಗ್ಗಿಸಿಕೊಳ್ಳದೆ ಪರಲೋಕದ ಒಡೆಯನಿಗೆ ವಿರೋಧವಾಗಿ ಉಬ್ಬಿಕೊಂಡದ್ದೇ ಅವನ ತಪ್ಪು. ತಿಳಿದೂ ತಿಳಿದೂ ಮಾಡಿದ ತಿರಸ್ಕಾರವದು. ಬ್ರ್ಯಾಡ್‌ವೆಲ್ಲಿನ ಬೇಸಾಯಗಾರನಿಗೆ ಇಂಥ ತಿರಸ್ಕಾರವಿತ್ತೆಂದು ಹೇಳಲು ನಮಗೆ ಯಾವ ಆಧಾರವೂ ಕಾಣಿಸದು. ಚೆಡ್ಡನ ಹೆಸರನ್ನು 1442ರ ಪಂಚರೇ ಅರಿಯದೆ ಇದ್ದ ಮೇಲೆ, ಎರಡು ಶತಮಾನಗಳಾದ ಮೇಲೆ ಬಂದ ಒಬ್ಬ ಒಕ್ಕಲಿಗನು ಹೇಗೆ ಅರಿತಾನು? ಅವನ ಕಣ್ಣಿಗೆ ಬಿದ್ದದ್ದು ಹೊಲದ ಅಂಚಿನಲ್ಲಿ ಯಾರಿಗೂ ಬೇಡವಾಗಿ ನಿಂತಿದ್ದ ಗಟ್ಟಿಯಾದ ನಾಲ್ಕು ಗೋಡೆಗಳು. ಸುತ್ತಲೂ ಸಮುದ್ರದ ಗಾಳಿ. ಅವನ ಕೈಯಲ್ಲಿ ವರುಷದ ಬೆಳೆ.

ಆದ್ದರಿಂದ ದೋಷವನ್ನು ಹುಡುಕುವವರು ಬಂಡಿಯ ಬಾಗಿಲುಗಳನ್ನು ನೋಡದೆ ಅವುಗಳಿಗಿಂತ ಹಿಂದಕ್ಕೆ ನೋಡಬೇಕೆಂದು ನಮ್ಮ ಅಭಿಪ್ರಾಯ. 1442ರಲ್ಲಿ ಗಂಟೆಗಳು ಎರಡಿದ್ದವು, ಗೋಪುರವಿತ್ತು, ಯಾಜಕನಿದ್ದನು. ಇವೆಲ್ಲವೂ ಇದ್ದು, ತಮಗೆ ಮೊದಲು ಸುವಾರ್ತೆಯನ್ನು ತಂದವನು ಯಾರೆಂಬುದೇ ಊರವರಿಗೆ ಮರೆತುಹೋಗಿತ್ತು. ಆ ಮರವೆಯನ್ನು ಯಾವ ಒಕ್ಕಲಿಗನೂ ಹುಟ್ಟಿಸಲಿಲ್ಲ. ಮನೆಯು ಪೂಜ್ಯವಾಗಿ ಕಾಣುತ್ತಿದ್ದಾಗಲೇ ಅದರೊಳಗಿನ ಜ್ಞಾಪಕವು ಬರಿದಾಗಿತ್ತು. ಬರಿದಾದ ಜಾಗದಲ್ಲಿ ಧಾನ್ಯ ಬಂದು ಕೂತಿತು. ನಮ್ಮ ಸಭೆಗಳಲ್ಲಿ ಕಟ್ಟಡದ ವಿಷಯವಾಗಿ ವಾದಗಳು ಏಳುವಾಗ ಇದನ್ನು ನೆನಸಿಕೊಂಡರೆ ಒಳ್ಳೆಯದು. ವಾರದ ದಿನಗಳಲ್ಲಿ ಮಕ್ಕಳು ಅಕ್ಷರ ತಿದ್ದುವ ಕೋಣೆಯೇ ಆದಿತ್ಯವಾರ ಪ್ರಾರ್ಥನಾಲಯವಾಗಿದ್ದ ಊರುಗಳು ನಮ್ಮಲ್ಲಿ ಅನೇಕ ಇದ್ದವು. ಅದರಿಂದ ಪ್ರಾರ್ಥನೆಗೂ ಕುಂದು ಬರಲಿಲ್ಲ, ಅಕ್ಷರಕ್ಕೂ ಕುಂದು ಬರಲಿಲ್ಲ. ಆದರೆ ಕುಯಿಲಿನ ಕಾಲದಲ್ಲಿ ಅಕಾಲದ ಮಳೆ ಹಿಡಿದಾಗ ಬಡವನೊಬ್ಬನ ಬತ್ತದ ಮೂಟೆಗಳನ್ನು ದೇವಾಲಯದ ಜಗಲಿಯಲ್ಲಿ ಇಡಬಹುದೋ ಬಾರದೋ ಎಂದು ಕೇಳಿದರೆ ಹಿರಿಯರಲ್ಲಿ ಕೆಲವರು ತಲೆಯಲ್ಲಾಡಿಸುವರು. ಅವರ ಭಕ್ತಿಯನ್ನು ನಾವು ಹಳಿಯುವುದಿಲ್ಲ. ಬೆಳೆಹಬ್ಬದ ದಿವಸ ಅದೇ ಬತ್ತದ ತೆನೆಗಳನ್ನು ಹಾಡುತ್ತಾ ತಂದು ಮೇಜಿನ ಮುಂದೆ ಇಡುವೆವಲ್ಲಾ, ಮಾರಣೆಯ ದಿವಸ ಅದಕ್ಕೆ ಯಾವ ಅಶುದ್ಧತೆ ಅಂಟಿಕೊಂಡಿತೆಂದು ಮಾತ್ರ ಕೇಳುತ್ತೇವೆ.

ಎರಡನೆಯ ಪ್ರಶ್ನೆ ಇದಕ್ಕಿಂತಲೂ ಕಷ್ಟವಾದದ್ದು. ಬೀಡನ ಗ್ರಂಥದ ಪ್ರಕಾರ ಚೆಡ್ಡನು ಪೂರ್ವ ಸಾಕ್ಸನರಲ್ಲಿ ಮುಖ್ಯವಾಗಿ ಎರಡು ಸ್ಥಳಗಳಲ್ಲಿ ಸಭೆಗಳನ್ನು ನೆಲೆಗೊಳಿಸಿದನು; ಒಂದು ಇದು, ಇನ್ನೊಂದು ಥೇಮ್ಸ್ ನದಿಯ ತೀರದ ಟಿಲ್ಬರಿ. ಟಿಲ್ಬರಿಯಲ್ಲಿ ಚೆಡ್ಡನು ಕಟ್ಟಿದ್ದರ ಒಂದು ಗೋಡೆಯೂ ಇಂದು ನಿಂತಿಲ್ಲ. ಇಲ್ಲಿ ನಿಂತಿದೆ. ಒಕ್ಕಲುತನಕ್ಕೆ ಬೇಡವಾದ ಭಾಗಗಳು ಇಲ್ಲಿಯೂ ಉಳಿಯಲಿಲ್ಲವೆಂದು ಮೇಲೆ ಹೇಳಿದೆವು. ಮಾಡು ಸೋರಿದರೆ ಗೋಧಿ ಮೊಳೆಯುವುದು, ಹುಲ್ಲು ಕೊಳೆಯುವುದು. ಆದದರಿಂದ ಕಣಜದ ಮಾಡನ್ನು ಯಾವ ಒಕ್ಕಲಿಗನೂ ಸೋರಗೊಡನು. ಭಕ್ತಿಯು ಹೊದಿಸದೆ ಬಿಟ್ಟ ಮಾಡನ್ನು ಲಾಭದ ಆಶೆಯು ಹೊದಿಸಿತು. ಹಾಗಾದರೆ ಇಂದು ಆ ಮನೆಯಲ್ಲಿ ಪ್ರಾರ್ಥಿಸುವವರು ಆ ಒಕ್ಕಲಿಗನಿಗೆ ಋಣಿಗಳೋ?

ಅಲ್ಲವೆನ್ನುವವರ ವಾದವು ಹೀಗಿದೆ: ಉಪಕಾರಸ್ಮರಣೆಯು ಉದ್ದೇಶಕ್ಕೆ ಸಲ್ಲುವುದೇ ಹೊರತು ಫಲಕ್ಕಲ್ಲ. ನಮಗೆ ಒಳ್ಳೇದಾಗಲೆಂದು ಮನಸ್ಸಿಟ್ಟು ಮಾಡಿದವನು ಸಫಲನಾಗದಿದ್ದರೂ ಅವನಿಗೆ ನಾವು ಋಣಿಗಳು. ನಮ್ಮನ್ನು ಲಕ್ಷ್ಯಕ್ಕೇ ತಾರದೆ ತನ್ನ ಕೆಲಸ ಮಾಡಿಕೊಂಡವನಿಂದ ನಮಗೆ ಎಷ್ಟು ಲಾಭವಾದರೂ ಅವನಿಗೆ ನಾವು ಋಣಿಗಳಲ್ಲ. ಮಳೆಗೆ ಯಾರೂ ಕೈಮುಗಿದು ಉಪಕಾರವಾಯಿತೆಂದು ಹೇಳುವುದಿಲ್ಲ. ಮಳೆ ಕೊಟ್ಟವನಿಗೆ ಹೇಳುತ್ತೇವೆ. ಯೋಸೇಫನನ್ನು ಅವನ ಅಣ್ಣಂದಿರು ಮಾರಿದ್ದರಿಂದ ಐಗುಪ್ತವೂ ಕಾನಾನೂ ಕ್ಷಾಮದಲ್ಲಿ ಬದುಕಿಕೊಂಡವು. ಆದರೂ ಯೋಸೇಫನು ಅದಕ್ಕಾಗಿ ಅಣ್ಣಂದಿರನ್ನು ಹೊಗಳಲಿಲ್ಲ. ಅವರ ಆಲೋಚನೆ ಬೇರೆ, ದೇವರ ಆಲೋಚನೆ ಬೇರೆ ಎಂದು ವಿಂಗಡಿಸಿ ಹೇಳಿ, ಅವರನ್ನು ಕ್ಷಮಿಸಿದನು, ಅಷ್ಟೇ.

ಈ ವಾದದಲ್ಲಿ ಸತ್ಯವುಂಟು. ಆದರೆ ಬೇಸಾಯಗಾರನು ಮಳೆಯೂ ಅಲ್ಲ, ಯೋಸೇಫನ ಅಣ್ಣಂದಿರ ಹಾಗೆ ಕೇಡು ಬಗೆದವನೂ ಅಲ್ಲ. ಅವನು ಮನುಷ್ಯನು, ಅವನು ಏಣಿ ಹತ್ತಿದನು, ಹಂಚು ಜೋಡಿಸಿದನು, ತೊಲೆ ಬದಲಾಯಿಸಿದನು. ಆ ಕೆಲಸವನ್ನು ಅವನು ಸೋಮಾರಿತನದಿಂದ ಮಾಡಿದ್ದರೆ ಇಂದು ಅಲ್ಲಿ ಮಣ್ಣಿನ ದಿಬ್ಬ ಮಾತ್ರ ಇರುತ್ತಿತ್ತು. ತನ್ನ ಪಾಲಿಗೆ ಬಂದ ಕೆಲಸವನ್ನು ನೆಟ್ಟಗೆ ಮಾಡುವವನ ಕೈಯಿಂದ ಅವನೇ ಅರಿಯದ ಒಳ್ಳೇದು ಹೊರಡುವುದುಂಟು. ಅದು ಅವನ ಪುಣ್ಯವೆಂದು ನಾವು ಹೇಳುವುದಿಲ್ಲ. ಕ್ರಿಯೆಗಳ ಲೆಕ್ಕದಿಂದ ನೀತಿವಂತರಾಗುವ ಮಾತು ನಮ್ಮದಲ್ಲ. ಆದರೆ ಅದು ಅವನದಲ್ಲವೇ ಅಲ್ಲವೆನ್ನುವುದೂ ಸುಳ್ಳಾದೀತು. ಹೀಗೆ ಎರಡೂ ಕಡೆ ನೋಡಿ ನಾವು ಬಂದು ನಿಂತ ತೀರ್ಮಾನವೇನೆಂದರೆ: ನಮಗೆ ಉಪಕಾರಮಾಡಿದವನಿಗೆ ಸಲ್ಲುವ ಸ್ತುತಿಯು ಆ ಒಕ್ಕಲಿಗನಿಗೆ ಸಲ್ಲದು, ಆದರೆ ಸತ್ಯವಾದ ಲೆಕ್ಕವು ಅವನಿಗೆ ಸಲ್ಲಬೇಕು. ದೇವಾಲಯದ ಚರಿತ್ರೆಯನ್ನು ಹೇಳುವವರು ಚೆಡ್ಡನಿಂದ ಹಾರಿ 1920ಕ್ಕೆ ಇಳಿದು, ನಡುವಿನ ಮುನ್ನೂರು ವರುಷಗಳನ್ನು ಒಂದು ಅವಮಾನವೆಂದು ಮುಚ್ಚಿಬಿಡಬಾರದು. ಆ ವರುಷಗಳನ್ನು ತೆಗೆದುಬಿಟ್ಟರೆ ಮುಂದಿನವೂ ಇರುತ್ತಿರಲಿಲ್ಲ.

ಇಂಥದು ಒಂದೇ ಕಡೆ ನಡೆದದ್ದೂ ಅಲ್ಲ. ಗ್ಲಾಸ್ಟರ್‌ಷೈರ್ ಸೀಮೆಯ ಡೀರ್‌ಹರ್ಸ್ಟ್ ಎಂಬ ಹಳ್ಳಿಯಲ್ಲಿ ಆಡ್ಡನೆಂಬ ಪ್ರಭುವು ತೀರಿಹೋದ ತನ್ನ ಸಹೋದರನಾದ ಆಲ್ಫ್ರಿಕನ ಜ್ಞಾಪಕಕ್ಕಾಗಿ 1056ರಲ್ಲಿ ಒಂದು ಚಿಕ್ಕ ಪ್ರಾರ್ಥನಾಲಯವನ್ನು ಕಟ್ಟಿಸಿದನು. ಸತ್ತವರ ಆತ್ಮಕ್ಕಾಗಿ ಮಂದಿರ ಕಟ್ಟುವ ಬೋಧನೆಯನ್ನು ನಾವು ಒಪ್ಪದಿದ್ದರೂ ಸಹೋದರಪ್ರೀತಿಯನ್ನು ಒಪ್ಪುತ್ತೇವೆ. ಅದೇ ವರುಷ ಆಡ್ಡನೂ ತೀರಿಹೋದನು. ಶತಮಾನಗಳು ಕಳೆದು ಆ ಮಂದಿರವು ಒಂದು ಒಕ್ಕಲುಮನೆಯೊಳಗೆ ಸೇರಿಕೊಂಡಿತು. ಜನರು ಕೂಡುತ್ತಿದ್ದ ಭಾಗ ಅಡಿಗೆಮನೆಯಾಯಿತು, ಪೂರ್ವದ ಭಾಗ ಮಲಗುವ ಕೋಣೆಯಾಯಿತು. ಕಟ್ಟಿಸಿದ ಸಂಗತಿಯನ್ನು ಕೆತ್ತಿದ್ದ ಕಲ್ಲು 1675ರಲ್ಲಿ ಹತ್ತಿರದ ಹಣ್ಣಿನ ತೋಟದಲ್ಲಿ ಸಿಕ್ಕಿ ಆಕ್ಸ್‌ಫರ್ಡಿಗೆ ಹೋಯಿತು. ಕಲ್ಲು ಹೇಳುವ ಮಂದಿರವೆಲ್ಲಿ ಎಂದು ಯಾರಿಗೂ ತಿಳಿಯಲಿಲ್ಲ. ಅದು ಅಡಿಗೆಮನೆಯ ಸುಣ್ಣದ ಹಿಂದೆಯೇ ಇತ್ತು. 1865ರಲ್ಲಿ ಆ ಊರಿನ ಸಭಾಪಾಲಕರಾದ ಬಟರ್‌ವರ್ತ್ ಎಂಬವರು ಅದನ್ನು ಗುರುತಿಸಿದರು. ಅಷ್ಟು ತಲೆಮಾರುಗಳ ಗೃಹಿಣಿಯರು ಅಲ್ಲಿ ಒಲೆ ಹೊತ್ತಿಸಿ ರೊಟ್ಟಿ ಸುಟ್ಟರಲ್ಲಾ, ಅವರಲ್ಲಿ ಯಾರಾದರೂ ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡಿರಲಾರರೆಂದು ಯಾರು ಹೇಳಬಲ್ಲರು? ಸಫೋಕ್ ಸೀಮೆಯ ಬ್ಯೂರ್ಸ್ ಎಂಬಲ್ಲಿ 1218ರ ದಶಂಬರ 26ರಂದು, ಸ್ತೆಫನನ ದಿನದಲ್ಲಿ, ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನನು ಪ್ರತಿಷ್ಠಿಸಿದ ಮಂದಿರವೂ ಹೀಗೆಯೇ ಬಹುಕಾಲ ಕಣಜವಾಗಿದ್ದು, ಕಳೆದ ಶತಮಾನದಲ್ಲಿ ಮರಳಿ ದೇವಾಲಯವಾಯಿತು.

ಬಾಸೆಲ್ ಪಟ್ಟಣದ ಹೆಸರನ್ನು ನಮ್ಮ ಸಭೆಗಳಲ್ಲಿ ಅರಿಯದವರಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬೋಧಕರು ಆ ಪಟ್ಟಣದಿಂದಲೇ ಹೊರಟವರು. ಆ ಪಟ್ಟಣದ ನಡುವೆ ಬರಿಗಾಲಿನ ಸನ್ಯಾಸಿಗಳ ದೇವಾಲಯವೆಂಬ ಎತ್ತರವಾದ ಕಟ್ಟಡವೊಂದುಂಟು. ಹದಿನೆಂಟನೆಯ ಶತಮಾನದ ಕಡೆಯಲ್ಲಿ ಅದು ಆರಾಧನೆಯಿಂದ ಬಿಡಲ್ಪಟ್ಟು ಉಪ್ಪಿನ ಉಗ್ರಾಣವಾಯಿತು. 1894ರಿಂದ ಇಂದಿನ ವರೆಗೆ ವಸ್ತುಸಂಗ್ರಹಾಲಯವಾಗಿದೆ. ನಮ್ಮ ಹಿರಿಯರಿಗೆ ಸುವಾರ್ತೆ ತಂದವರು ಆ ಪಟ್ಟಣದಲ್ಲಿ ಕಲಿಯುತ್ತಿದ್ದಾಗ, ತಮ್ಮ ಪೂರ್ವಿಕರು ಪ್ರಾರ್ಥಿಸಿದ ಒಂದು ದೊಡ್ಡ ಮನೆ ಉಪ್ಪಿನ ಉಗ್ರಾಣವಾಗಿ ನಿಂತಿದ್ದ ಕಾಲವದು. ಅದು ಅವರನ್ನು ಹೊರಡದಂತೆ ತಡೆಯಲಿಲ್ಲ.

ಬ್ರ್ಯಾಡ್‌ವೆಲ್ಲಿಗೆ ಹಿಂದಿರುಗುವ. ಬೀಡನ ಗ್ರಂಥದಲ್ಲಿ ಸ್ಥಳದ ಹೆಸರು ಸಾವಿರ ವರುಷಕ್ಕೂ ಮಿಕ್ಕಿ ಉಳಿದಿತ್ತು. ಗೋಡೆಗಳು ಹೊಲದಲ್ಲಿ ಉಳಿದಿದ್ದವು. ಗ್ರಂಥವನ್ನು ಓದುತ್ತಿದ್ದ ಪಂಡಿತರು ಆ ಕಣಜವನ್ನು ಕಂಡಿರಲಿಲ್ಲ. ಕಣಜಕ್ಕೆ ಬೀಗ ಹಾಕುತ್ತಿದ್ದವರು ಆ ಗ್ರಂಥವನ್ನು ಓದಿರಲಿಲ್ಲ. 1864ರ ಸುಮಾರಿಗೆ ಅಲ್ಲಿ ಭೂಮಿಯನ್ನು ಅಗೆಯುವಾಗ ರೋಮಾಯರ ಕೋಟೆಯ ಗೋಡೆಗಳು ಹೊರಬಿದ್ದ ಮೇಲೆ ಎರಡೂ ಕೂಡಿದವು. ಆದರೂ ಅದು ತಿರಿಗಿ ಪ್ರತಿಷ್ಠಿಸಲ್ಪಡಲು 1920ರ ತನಕ ಕಾಯಬೇಕಾಯಿತು. ಆ ವರುಷ ಬಂಡಿಯ ಬಾಗಿಲುಗಳನ್ನು ಕಲ್ಲಿನಿಂದ ಮುಚ್ಚಿ, ಮಾಡನ್ನು ಸರಿಪಡಿಸಿ, ಒಳಗೆ ಮೇಜನ್ನು ಇಟ್ಟರು. 1946ರಲ್ಲಿ ಯುದ್ಧದಿಂದ ಹಿಂದಿರುಗಿದ ನಾರ್ಮನ್ ಮಾಟ್ಲಿ ಎಂಬ ಬೋಧಕರು, ಬೇರೆ ಬೇರೆ ಜನಾಂಗದ ಕ್ರೈಸ್ತರು ಕೂಡಿ ಬಾಳುವ ಒಂದು ಸಮುದಾಯವನ್ನು ಅದರ ಪಕ್ಕದಲ್ಲಿ ಒಥೋನಾ ಎಂಬ ಹಳೆಯ ಹೆಸರಿನಿಂದಲೇ ಸ್ಥಾಪಿಸಿದರು. ಸಂಗಡಲೇ ಹೇಳಬೇಕಾದ ಇನ್ನೊಂದು ಸಂಗತಿ: ಅಲ್ಲಿಂದ ಸ್ವಲ್ಪ ದೂರದಲ್ಲಿ ಅಣುಶಕ್ತಿಯಿಂದ ವಿದ್ಯುತ್ತನ್ನು ಉತ್ಪನ್ನಮಾಡುವ ದೊಡ್ಡ ಕಾರ್ಖಾನೆಯೊಂದು 1962ರಲ್ಲಿ ಕೆಲಸಕ್ಕೆ ತೊಡಗಿ 2002ರಲ್ಲಿ ನಿಂತುಹೋಯಿತು. ಅದರ ಆಯುಸ್ಸು 40 ವರುಷ. ಅದರ ಹಾಳು ಗೋಡೆಗಳನ್ನು ಯಾವ ಒಕ್ಕಲಿಗನೂ ಕಣಜಕ್ಕೆ ಕೇಳಲಾರನು.

ಇಂದು ಆ ದೇವಾಲಯದಲ್ಲಿ ಬೇಸಿಗೆಯ ಆದಿತ್ಯವಾರಗಳಲ್ಲಿ ಆರಾಧನೆ ನಡೆಯುತ್ತದೆ. ಪ್ರತಿ ವರುಷ ಜುಲೈ ತಿಂಗಳಲ್ಲಿ ಜನರು ಊರಿನಿಂದ ಹೊಲದ ದಾರಿಯಲ್ಲಿ ನಡೆದು ಅಲ್ಲಿಗೆ ಬರುತ್ತಾರೆ. 1985ರಲ್ಲಿ ಇಟ್ಟ ಈಗಿನ ಮೇಜಿನ ಕೆಳಭಾಗದಲ್ಲಿ ಮೂರು ಕಲ್ಲುಗಳನ್ನು ಸೇರಿಸಿದ್ದಾರೆ: ಒಂದು ಐಯೋನಾದಿಂದ ತಂದದ್ದು, ಲಿಂಡಿಸ್‌ಫಾರ್ನಿನ ಮಠವನ್ನು ಹೆತ್ತ ಮಠ ಅದು; ಇನ್ನೊಂದು ಚೆಡ್ಡನು ಕಲಿತ ಲಿಂಡಿಸ್‌ಫಾರ್ನಿನಿಂದ; ಮೂರನೆಯದು ಆತನು ಸತ್ತ ಲಾಸ್ಟಿಂಗ್‌ಹ್ಯಾಮಿನಿಂದ. ಒಕ್ಕಲಿಗನ ಗುರುತಾಗಿ ಅದರಲ್ಲಿ ಕಲ್ಲಿಲ್ಲ. ಆದರೆ ಮುಚ್ಚಿದ ಬಂಡಿಬಾಗಿಲುಗಳ ಗೆರೆಗಳು ಎರಡೂ ಗೋಡೆಗಳಲ್ಲಿ ನೆಲದಿಂದ ಮೇಲಕ್ಕೆ ಸ್ಪಷ್ಟವಾಗಿ ಕಾಣುತ್ತವೆ. 1920ರಲ್ಲಿ ಅವುಗಳನ್ನು ಮುಚ್ಚಿದವರು ಹೊಸ ಕಲ್ಲನ್ನು ಹಳೆಯ ಕಲ್ಲಿನೊಡನೆ ಬೆರೆಸಿ ಮರೆಮಾಡದೆ ಹಾಗೆಯೇ ಬಿಟ್ಟಿದ್ದಾರೆ.